ಡಿಸ್ಕಿಗೆ ಕೈ ಹಚ್ಚುವ ಮೊದಲು: ಲಿನಕ್ಸ್ ಯಂತ್ರ ನೋಡಿಕೊಳ್ಳುವವರು ಮಾಡಬೇಕಾದ್ದು, ಮಾಡಬಾರದ್ದು

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಲಿನಕ್ಸ್ ಹಾಕಿದ ಕಂಪ್ಯೂಟರುಗಳ ಹೊಣೆ ಹೊತ್ತವರಿಗೆ ಈ ಸೂಚನೆ. ಅಂದರೆ ಪ್ರೌಢಶಾಲೆಯ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರಿಗೆ, ಡಿಟಿಪಿ ಅಂಗಡಿಯವರಿಗೆ, ಮದುವೆ ಫೋಟೊ ತೆಗೆಯುವ ಸ್ಟುಡಿಯೊದವರಿಗೆ, ಶಾಸನ ಮತ್ತು ತಾಳೆಗರಿಗಳ ಚಿತ್ರ ಗುಡ್ಡೆ ಹಾಕಿಕೊಂಡ ಸಂಶೋಧಕರಿಗೆ, ಹುಮ್ಮಸ್ಸಿನಲ್ಲಿ ಕರ್ನೆಲ್ ಅನ್ನು ತಾವೇ ಕಟ್ಟಿಕೊಳ್ಳುವ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ. 2021ರಲ್ಲಿ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆ ಎರಡಾದರೂ ಡಿಸ್ಕು ಕೆಡಿಸುವ ಬಿಸಿಲು, ಧೂಳು, ಕರೆಂಟು ಒಂದೇ.

ಯಂತ್ರ ಏಳದಿದ್ದಾಗ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಇದು ಮೊದಲ ನಿಯಮ, ಮುಂದಿನದೆಲ್ಲ ಇದರ ವಿವರ. ‘ಸಿಸ್ಟಮ್ ಬೂಟ್ ಆಗವಲ್ದು’ ಎಂದು ಅಂಗಡಿಗೆ ಒಯ್ದರೆ ಮೊದಲು ಬರುವ ಪ್ರಶ್ನೆ, ‘ಫಾರ್ಮ್ಯಾಟ್ ಹೊಡೀಲಾ?’ ಬೇಡ ಅನ್ನಿ. ಲಿನಕ್ಸ್ ಅರ್ಧಕ್ಕೆ ನಿಂತಾಗ ಬಹಳ ಸಲ ಡೇಟಾ ಇದ್ದಲ್ಲೇ ಇರುತ್ತದೆ, ಕರ್ನೆಲ್‌ಗೆ ಡಿಸ್ಕ್ ಕಂಡಿರುವುದಿಲ್ಲ ಅಷ್ಟೆ. ಒಂದು ಡ್ರೈವರ್ ಬಿಟ್ಟುಹೋಗಿರುತ್ತದೆ, ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಾಗಿರುತ್ತದೆ, ಇಲ್ಲವೆ ಮೌಂಟ್ ಮಾಡುವ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ತಪ್ಪಿರುತ್ತದೆ. ಕಾರಣ ಸಿಕ್ಕರೆ ಮೂರೂ ಸಣ್ಣ ಕೆಲಸ. ಫಾರ್ಮ್ಯಾಟ್ ಆದ ಮೇಲೆ ಯಂತ್ರವೇನೋ ಏಳುತ್ತದೆ, ಖಾಲಿಯಾಗಿ ಏಳುತ್ತದೆ.

ಇನ್ನೊಂದು ಮಾತು. ಕೆಳಗೆ ಕಮಾಂಡುಗಳ ಹೆಸರನ್ನು ಕನ್ನಡದಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಹೆಸರಿನ ನಡುವೆ ಜಾಗ ಬಿಡದೆ ಹೊಡೆಯಬೇಕು; ‘ಮೇಕ್’, ‘ಎಪಿಟಿ’ ಆದ ಮೇಲೆ ಮತ್ತು ‘-ಎ’ಯಂಥ ಆಯ್ಕೆಗಳ ಮೊದಲು ಮಾತ್ರ ಜಾಗ ಬಿಡಬೇಕು.

ಪರದೆಯ ಮೇಲಿನ ಸಾಲು ಓದಿ

ಕರ್ನೆಲ್ ಪ್ಯಾನಿಕ್ ಬಂದೊಡನೆ ಪವರ್ ಬಟನ್ ಒತ್ತಿಹಿಡಿಯಬೇಡಿ. ಮೊದಲು ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆಯಿರಿ, ಎಲ್ಲ ಸಾಲೂ ಓದಲು ಬರುವಂತೆ. ರೂಟ್ ಫೈಲ್ ಸಿಸ್ಟಮ್ ಮೌಂಟ್ ಮಾಡಲಾಗಲಿಲ್ಲ ಎನ್ನುವ ಸಾಲಿನ ಕೊನೆಗೆ ‘ಅನ್‌ನೋನ್ ಬ್ಲಾಕ್’ ಎಂದಿದ್ದು, ಅದರ ಪಕ್ಕ ಕಂಸದಲ್ಲಿ ಎರಡು ಅಂಕಿ ಇರುತ್ತವೆ. ಅರ್ಧ ಉತ್ತರ ಆ ಎರಡು ಅಂಕಿಯಲ್ಲೇ ಇದೆ.

ಎರಡೂ ಸೊನ್ನೆಯಾಗಿದ್ದರೆ ಕರ್ನೆಲ್‌ಗೆ ರೂಟ್ ಇರುವ ಡಿಸ್ಕೇ ಸಿಕ್ಕಿಲ್ಲ. ಇನಿಟ್‌ರಾಮ್‌ಎಫ್‌ಎಸ್ ಕಡತ (ರೂಟ್ ಡಿಸ್ಕು ತೆರೆಯುವ ಮಾಡ್ಯೂಲುಗಳನ್ನು ಹೊತ್ತದ್ದು) ಇಲ್ಲವಾಗಿರಬಹುದು, ಅರ್ಧಕ್ಕೆ ತುಂಡಾಗಿರಬಹುದು, ಅಥವಾ ಡಿಸ್ಕ್ ಕಂಟ್ರೋಲರಿನ ಡ್ರೈವರ್ ಕರ್ನೆಲ್‌ನಲ್ಲಿ ಇಲ್ಲದಿರಬಹುದು. ಮೊದಲ ಅಂಕಿ 8 ಇದ್ದರೆ ಸಾಟಾ ಅಥವಾ ಯುಎಸ್‌ಬಿ ಡಿಸ್ಕು, 259 ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಆಗ ಡಿಸ್ಕು ಕಂಡಿದೆ, ಅದರ ಮೇಲಿನ ಫೈಲ್ ಸಿಸ್ಟಮ್ ತೆರೆದಿಲ್ಲ ಎಂದು ಅರ್ಥ. ಎಕ್ಸ್ಟಿ4 ಬೆಂಬಲ ಬಿಟ್ಟಿದ್ದೀರೋ, ಪಾರ್ಟಿಷನ್ ಅಂಕಿ ತಪ್ಪಿದೆಯೋ, ನಿಜವಾಗಿಯೂ ಫೈಲ್ ಸಿಸ್ಟಮ್ ಕೆಟ್ಟಿದೆಯೋ ನೋಡಬೇಕು. ಹುಡುಕುವುದೂ ಅದೇ ಕ್ರಮದಲ್ಲಿರಲಿ. ಕೆಟ್ಟಿದೆ ಎಂಬುದು ಕೊನೆಯ ಅನುಮಾನ.

ಆಮೇಲೆ ಯಂತ್ರ ಶುರುವಾಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಗ್ರಬ್ ಪಟ್ಟಿ ತರಿಸಿ, ಹಿಂದಿನ ಕರ್ನೆಲ್ ಆರಿಸಿ. ಹಳೆಯದರಲ್ಲಿ ಎದ್ದರೆ ಬಹುಮಟ್ಟಿಗೆ ಡಿಸ್ಕು ಆರೋಗ್ಯವಾಗಿದೆ, ತಪ್ಪು ಹೊಸ ಕರ್ನೆಲ್‌ನದು. ಅದರಲ್ಲೂ ಏಳದಿದ್ದರೆ ಲೈವ್ ಪೆನ್‌ಡ್ರೈವಿನಿಂದ ಎಬ್ಬಿಸಿ, ‘ಇನ್‌ಸ್ಟಾಲ್’ ಗುಂಡಿಯ ಹತ್ತಿರ ಹೋಗದೆ, ಎಲ್‌ಎಸ್‌ಬಿಎಲ್‌ಕೆ ಮತ್ತು ಬಿಎಲ್‌ಕೆಐಡಿ ಓಡಿಸಿ ನೋಡಿ. ಎರಡೂ ಓದುವ ಕಮಾಂಡುಗಳು, ಡಿಸ್ಕಿಗೆ ಏನೂ ಮಾಡುವುದಿಲ್ಲ. ಮೌಂಟ್ ಮಾಡುವುದಿದ್ದರೆ ಓದಲು ಮಾತ್ರ, ‘ಆರ್‌ಓ’ ಆಯ್ಕೆ ಕೊಟ್ಟು; ಎಕ್ಸ್ಟಿ4 ಆದರೆ ಜರ್ನಲ್ ಬರೆಯದಂತೆ ‘ನೋಲೋಡ್’ ಕೂಡ ಕೊಡಿ.

ಜೂನ್ ತಿಂಗಳ ಶಾಲಾ ಲ್ಯಾಬ್

ಸರ್ಕಾರಿ ಪ್ರೌಢಶಾಲೆಗಳಿಗೆ ಲಿನಕ್ಸ್ ಹೊಸದಲ್ಲ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ 2011ರಿಂದ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಮೇಷ್ಟ್ರುಗಳು ಕಲಿತದ್ದು ಉಬುಂಟುವಿನ ಮೇಲೆಯೇ. ಬಳಸಲು ಬಲ್ಲವರು ಬಹಳ ಮಂದಿ ಇದ್ದಾರೆ. ನಿಂತುಹೋದದ್ದನ್ನು ಎಬ್ಬಿಸುವವರು ಕಡಿಮೆ.

ಬೇಸಿಗೆ ರಜೆಯಲ್ಲಿ ಲ್ಯಾಬಿಗೆ ಬೀಗ ಬೀಳುತ್ತದೆ, ಮೇನ್ ಸ್ವಿಚ್ ಇಳಿಯುತ್ತದೆ. ಹಳೆಯ ಯಂತ್ರಗಳ ಮದರ್‌ಬೋರ್ಡಿನ ಗುಂಡು ಬ್ಯಾಟರಿ ಆ ಎರಡು ತಿಂಗಳಲ್ಲಿ ಸಾಯುತ್ತದೆ, ಬಯೋಸ್ ತನ್ನ ಕಾರ್ಖಾನೆಯ ಸೆಟ್ಟಿಂಗಿಗೆ ಮರಳುತ್ತದೆ. ಕೆಲವು ಯಂತ್ರಗಳಲ್ಲಿ ಆ ಸೆಟ್ಟಿಂಗ್ ಎಂದರೆ ಡಿಸ್ಕ್ ಕಂಟ್ರೋಲರ್ ‘ಎಎಚ್‌ಸಿಐ’ನಿಂದ ‘ರೇಡ್’ಗೆ ಹೊರಳುವುದು. ರಜೆಗೆ ಮುಂಚೆ ಕಾಣುತ್ತಿದ್ದ ಡಿಸ್ಕು ಆಗ ಕರ್ನೆಲ್‌ಗೆ ಕಾಣದೇ ಹೋಗಬಹುದು. ಹೊಸ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಇದೇ ಆಟ ‘ವಿಎಂಡಿ’ ಎಂಬ ಹೆಸರಲ್ಲಿ ಇರುತ್ತದೆ. ಕರ್ನೆಲ್‌ನಲ್ಲಿ ವಿಎಂಡಿ ಡ್ರೈವರ್ ಇಲ್ಲದಿದ್ದರೆ ಎನ್‌ವಿಎಂಇ ಡಿಸ್ಕು ಇದ್ದೂ ಇಲ್ಲ.

ಮಾಡಬೇಕಾದ್ದು: ಸಿಆರ್2032 ಬ್ಯಾಟರಿ ಬದಲಿಸಿ, ತಾರೀಖು ಸರಿಮಾಡಿ, ಕಂಟ್ರೋಲರ್ ಮೋಡ್ ಮೊದಲು ಏನಿತ್ತೋ ಅದಕ್ಕೆ ತನ್ನಿ. ಎಲ್ಲ ಚೆನ್ನಾಗಿದ್ದಾಗಲೇ ಬಯೋಸ್ ಪುಟಗಳ ಫೋಟೊ ತೆಗೆದು, ಪ್ರಿಂಟ್ ಹಾಕಿ ಸಿಪಿಯು ಡಬ್ಬಿಯ ಒಳಬದಿಗೆ ಅಂಟಿಸಿ.

ಮಾಡಬಾರದ್ದು: ಅದೇ ಯಂತ್ರದಲ್ಲಿ ವಿಂಡೋಸೂ ಇದ್ದು ರೇಡ್ ಮೋಡಿನಲ್ಲಿ ಓಡುತ್ತಿದ್ದರೆ, ತಯಾರಿಯಿಲ್ಲದೆ ಎಎಚ್‌ಸಿಐಗೆ ತಿರುಗಿಸಬೇಡಿ. ಲಿನಕ್ಸ್ ಎದ್ದೀತು, ವಿಂಡೋಸ್ ನೀಲಿ ಪರದೆಯಲ್ಲಿ ಕೂತೀತು.

ತಾರೀಖು ಹಿಂದೆ ಹೋದರೆ ಇನ್ನೊಂದು ಸಾಲು ಬರುತ್ತದೆ, ಸೂಪರ್‌ಬ್ಲಾಕಿನ ಕೊನೆಯ ಮೌಂಟ್ ಸಮಯ ಭವಿಷ್ಯದಲ್ಲಿದೆ ಎಂದು. ಅದನ್ನು ಓದಿ ಡಿಸ್ಕು ಹೋಯಿತೆಂದು ತಿಳಿಯಬೇಡಿ, ಗಡಿಯಾರ ಸರಿಮಾಡಿ. ಬಯೋಸ್ ಮರಳಿದಾಗ ಸೆಕ್ಯೂರ್ ಬೂಟ್ ಕೂಡ ತಾನಾಗಿ ಚಾಲೂ ಆಗಬಹುದು. ಆಗ ನೀವೇ ಕಟ್ಟಿದ, ಸಹಿ ಹಾಕದ ಕರ್ನೆಲ್‌ಗೆ ಬಾಗಿಲು ಬಂದ್. ‘ಬ್ಯಾಡ್ ಶಿಮ್ ಸಿಗ್ನೇಚರ್’ ಎಂದು ಬರುವುದು ಅದಕ್ಕೇ.

ಕರ್ನೆಲ್ ಕಟ್ಟುವವರಿಗೆ

ಲ್ಯಾಬಿನ, ಅಂಗಡಿಯ ಯಂತ್ರಕ್ಕೆ ಕರ್ನೆಲ್ ಕಟ್ಟುವ ಅಗತ್ಯವೇ ಇಲ್ಲ. ಡೆಬಿಯನ್, ಉಬುಂಟು ಕೊಡುವುದೇ ಸಾಕು. ಕಲಿಯಲೆಂದು ಕಟ್ಟುವವರನ್ನು ತಡೆಯುವುದಿಲ್ಲ, ಆದರೆ ಕೆಳಗಿನದಕ್ಕೆ ರಿಯಾಯಿತಿಯೂ ಇಲ್ಲ.

ಸೊನ್ನೆಯಿಂದ ಕಾನ್ಫಿಗರೇಷನ್ ಶುರುಮಾಡಬೇಡಿ. ಓಡುತ್ತಿರುವ ಕರ್ನೆಲ್‌ನ ಕಾನ್ಫಿಗ್ ಕಡತ ಬೂಟ್ ಫೋಲ್ಡರಿನಲ್ಲಿ ಇದೆ. ಅದನ್ನು ತಂದು ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಕೊಡಿ. ಉಬುಂಟು, ಡೆಬಿಯನ್ ಕಾನ್ಫಿಗ್ ತಂದಾಗ ಅದರಲ್ಲಿ ಅವರ ಪ್ರಮಾಣಪತ್ರದ ಕಡತದ ದಾರಿಯೂ ಬಂದಿರುತ್ತದೆ. ಆ ಕಡತ ನಿಮ್ಮಲ್ಲಿಲ್ಲ, ಕಟ್ಟುವಿಕೆ ನಡುವೆ ನಿಲ್ಲುತ್ತದೆ. ‘ಸಿಸ್ಟಮ್ ಟ್ರಸ್ಟೆಡ್ ಕೀಸ್’, ‘ಸಿಸ್ಟಮ್ ರೆವೊಕೇಷನ್ ಕೀಸ್’ ಎರಡನ್ನೂ ಖಾಲಿ ಮಾಡಿ.

ರೂಟ್ ಡಿಸ್ಕು ತೆರೆಯಲು ಬೇಕಾದದ್ದನ್ನು, ಅಂದರೆ ಎಎಚ್‌ಸಿಐ ಅಥವಾ ಎನ್‌ವಿಎಂಇ ಡ್ರೈವರ್ ಮತ್ತು ಎಕ್ಸ್ಟಿ4 ಅನ್ನು, ಇನಿಟ್‌ರಾಮ್‌ಎಫ್‌ಎಸ್ ಬಳಸದವರು ಮಾಡ್ಯೂಲ್ ಮಾಡಲೇಬಾರದು. ಉತ್ತರ ‘ಎಂ’ ಅಲ್ಲ, ‘ವೈ’. ಡಿಸ್ಕು ತೆರೆಯುವ ಮಾಡ್ಯೂಲನ್ನು ಅದೇ ಡಿಸ್ಕಿನಲ್ಲಿಡುವುದು ಬೀಗದ ಕೈಯನ್ನು ಮನೆಯೊಳಗಿಟ್ಟು ಬೀಗ ಜಡಿದ ಹಾಗೆ. ಇನಿಟ್‌ರಾಮ್‌ಎಫ್‌ಎಸ್ ಇದ್ದರೆ ಮಾಡ್ಯೂಲ್ ಆಗಬಹುದು, ಆದರೆ ಕರ್ನೆಲ್ ಬದಲಾದಾಗಲೆಲ್ಲ ಅದನ್ನೂ ಹೊಸದಾಗಿ ಮಾಡಬೇಕು. ಇನ್ನೂ ಒಂದು ಸೂಕ್ಷ್ಮ ಇದೆ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದ ಕರ್ನೆಲ್‌ಗೆ ಫೈಲ್ ಸಿಸ್ಟಮ್‌ನ ಯುಯುಐಡಿ ಅರ್ಥವಾಗುವುದಿಲ್ಲ, ಪಾರ್ಟಿಷನ್ನಿನ ಗುರುತಾದ ಪಾರ್ಟ್‌ಯುಯುಐಡಿ ಅರ್ಥವಾಗುತ್ತದೆ. ಎಲ್ಲವೂ ಸರಿಯಿದ್ದು ಸೊನ್ನೆ ಸೊನ್ನೆ ಬರುತ್ತಿದ್ದರೆ ಇದನ್ನು ನೋಡಿ.

‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಈ ಕ್ಷಣ ಲೋಡ್ ಆಗಿರುವ ಮಾಡ್ಯೂಲುಗಳನ್ನಷ್ಟೇ ಉಳಿಸುತ್ತದೆ. ಬೇಗ ಮುಗಿಯುತ್ತದೆಂದು ಹುಡುಗರಿಗೆ ಇದು ಬಹಳ ಇಷ್ಟ. ಓಡಿಸುವ ಮುಂಚೆ ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡ್ ರೀಡರ್, ಹೊರಗಿನ ಹಾರ್ಡ್ ಡಿಸ್ಕ್, ಪ್ರಿಂಟರ್, ಡಾಂಗಲ್ ಎಲ್ಲವನ್ನೂ ಸಿಕ್ಕಿಸಿ, ಒಂದೊಂದನ್ನೂ ಒಮ್ಮೆ ತೆರೆಯಿರಿ. ಇಲ್ಲದಿದ್ದರೆ ಯಂತ್ರ ಚೆನ್ನಾಗಿ ಏಳುತ್ತದೆ, ಮುಹೂರ್ತದ ದಿನ ಕಾರ್ಡು ಮಾತ್ರ ತೆರೆಯುವುದಿಲ್ಲ. 64 ಜಿಬಿ ಮತ್ತು ಮೇಲಿನ ಎಸ್‌ಡಿಎಕ್ಸ್‌ಸಿ ಕಾರ್ಡುಗಳು ಬರುವುದೇ ಎಕ್ಸ್‌ಫ್ಯಾಟ್‌ನಲ್ಲಿ. ಇದರ ಈಗಿನ ಡ್ರೈವರ್ ಕರ್ನೆಲ್‌ಗೆ ಸೇರಿದ್ದು 2020ರ 5.7ರಲ್ಲಿ. ಸ್ಟುಡಿಯೊ ಯಂತ್ರದ ಕಾನ್ಫಿಗ್‌ನಲ್ಲಿ ಎಕ್ಸ್‌ಫ್ಯಾಟ್ ಇಲ್ಲವೆಂದರೆ ಆ ಕರ್ನೆಲ್ ಬೇಡವೇ ಬೇಡ. ‘ಕಾರ್ಡ್ ಕರಪ್ಟ್ ಆಗಿದೆ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡ್ರಿ’ ಎಂದು ಗಿರಾಕಿಗೆ ಹೇಳುವ ಮೊದಲು ಆ ಕಾರ್ಡನ್ನು ಬೇರೆ ಯಂತ್ರದಲ್ಲಿ ಹಾಕಿ ನೋಡಿ.

ಡೀಬಗ್ ಮಾಹಿತಿ ಚಾಲೂ ಇಟ್ಟು ಮಾಡ್ಯೂಲ್ ಹಾಕಿದರೆ ಒಂದೊಂದು ಮಾಡ್ಯೂಲೂ ಊದಿಕೊಳ್ಳುತ್ತದೆ, ಇನಿಟ್‌ರಾಮ್‌ಎಫ್‌ಎಸ್ ನೂರಾರು ಎಂಬಿ ಆಗುತ್ತದೆ, ಪ್ರತ್ಯೇಕ ಬೂಟ್ ಪಾರ್ಟಿಷನ್ ತುಂಬುತ್ತದೆ, ಮುಂದಿನ ಅಪ್‌ಡೇಟಿನಲ್ಲಿ ಕಡತ ಅರ್ಧಕ್ಕೆ ನಿಂತು ಮತ್ತದೇ ಪ್ಯಾನಿಕ್ ಬರುತ್ತದೆ. ಕರ್ನೆಲ್‌ನಲ್ಲಿ ಒತ್ತಿದ ಒಂದು ‘ವೈ’ ಡಿಸ್ಕಿನಲ್ಲಿ ಫಲ ಕೊಡುವುದು ಹೀಗೆ. ಮಾಡ್ಯೂಲ್ ಹಾಕುವಾಗ ‘ಇನ್‌ಸ್ಟಾಲ್ ಮಾಡ್ ಸ್ಟ್ರಿಪ್’ (ಇದನ್ನು ಮಾತ್ರ ದೊಡ್ಡಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು) ಅನ್ನು 1 ಮಾಡಿ, ಇಲ್ಲವೆ ಡೀಬಗ್ ಮಾಹಿತಿ ತೆಗೆದೇ ಬಿಡಿ. ಬೂಟ್ ಫೋಲ್ಡರಿನ ಕಡತಗಳನ್ನು ಕೈಯಾರೆ ಅಳಿಸಬೇಡಿ. ಹಳೆಯ ಪ್ಯಾಕೇಜುಗಳನ್ನು ಎಪಿಟಿ ಆಟೊರಿಮೂವ್ ಮೂಲಕ ತೆಗೆಯಿರಿ. ಓಡಿದ ಒಂದು ಕರ್ನೆಲ್ ಯಾವಾಗಲೂ ಉಳಿದಿರಬೇಕು. ನೀವು ಕಟ್ಟಿದ್ದಕ್ಕೆ ಲೋಕಲ್ ವರ್ಷನ್ ಹೆಸರು ಕೊಡಿ, ಹಳೆಯದರ ಮೇಲೆ ಬರೆದುಹೋಗದಿರಲಿ.

ಕನ್ನಡ ಹೆಸರಿನ ಕಡತಗಳು

ಈ ಭಾಗ ಬೇರೆಲ್ಲೂ ಸುಲಭವಾಗಿ ಸಿಗದು, ಅದಕ್ಕೇ ತುಸು ಉದ್ದ.

ಲಿನಸ್ ಟೊರ್ವಾಲ್ಡ್ಸ್ ಕರ್ನೆಲ್ ಹೊರಬಿಟ್ಟದ್ದು 1991ರಲ್ಲಿ. ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ ನಿಜ. ಈಗ ಹಂಪಿಯಲ್ಲಿ ಕೂತು ಸಂಶೋಧನೆ ಮಾಡುವವರ ಡಿಸ್ಕಿನಲ್ಲಿ ಮಾತ್ರ ಇವೆರಡೂ ಎದುರಾಗುತ್ತವೆ. ‘ಕಮಲಾಪುರ ಕೆರೆ ಏರಿಯ ಹತ್ತಿರದ ಶಾಸನ, ಎಡಬದಿ, ಎರಡನೆಯ ಪಾಠ’ ಎಂಬಂಥ ಉದ್ದ ಹೆಸರನ್ನು ಕಡತಕ್ಕೆ ಇಡುವವರು ನಮ್ಮವರು. ಎಕ್ಸ್ಟಿ4ರಲ್ಲಿ ಒಂದು ಹೆಸರಿಗೆ 255 ಬೈಟು ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಹೀಗಾಗಿ ಮಿತಿ 85 ಸಂಕೇತ. ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಬರುತ್ತವೆ: ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಡಿಸ್ಕಿಗೆ 6 ಸಂಕೇತ, 18 ಬೈಟು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಹೆಸರನ್ನು ಬೇರೆ ರೀತಿ ಎಣಿಸುವುದರಿಂದ ಅಲ್ಲಿ ಹಿಡಿದ ಹೆಸರು ಇಲ್ಲಿ ಹಿಡಿಸದೆ, ಪ್ರತಿ ಮಾಡುವಾಗ ‘ಹೆಸರು ಬಹಳ ಉದ್ದ’ ಎಂಬ ದೋಷ ಬರುತ್ತದೆ. ಡಿಸ್ಕು ಕೆಟ್ಟಿಲ್ಲ. ಹೆಸರು ಚಿಕ್ಕದಿಡಿ, ವಿವರವನ್ನು ಜೊತೆಯ ಪಟ್ಟಿಯಲ್ಲಿ ಬರೆಯಿರಿ.

ಪೆನ್‌ಡ್ರೈವಿನ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಂಡರೆ ಆ ಪೆನ್‌ಡ್ರೈವಿನ ಮೇಲೆ ರಿಪೇರಿ ಕಮಾಂಡು ಓಡಿಸಬೇಡಿ, ಒಂದನ್ನೂ ಮರುನಾಮಕರಣ ಮಾಡಬೇಡಿ. ಕೈಯಾರೆ ಮೌಂಟ್ ಮಾಡುವಾಗ ಯುಟಿಎಫ್8 ಆಯ್ಕೆ ಬಿಟ್ಟಿದ್ದೀರಿ, ಅಷ್ಟೆ. ತೆಗೆದು ಆ ಆಯ್ಕೆ ಕೊಟ್ಟು ಮತ್ತೆ ಮೌಂಟ್ ಮಾಡಿ. ಐಓಚಾರ್‌ಸೆಟ್ ಅನ್ನೇ ಯುಟಿಎಫ್8 ಎಂದು ಬದಲಿಸುವವರಿದ್ದಾರೆ. ಫ್ಯಾಟ್‌ಗೆ ಅದು ಬೇಡವೆಂದು ಕರ್ನೆಲ್ ತಾನೇ ಎಚ್ಚರಿಸುತ್ತದೆ, ಕೇಳಿ.

ಇದರ ಅಣ್ಣನಂಥ ತೊಂದರೆ ಇನ್ನೊಂದಿದೆ. ಕರ್ನೆಲ್ ಕಟ್ಟುವಾಗ ‘ನೇಟಿವ್ ಲ್ಯಾಂಗ್ವೇಜ್ ಸಪೋರ್ಟ್’ ಪುಟಕ್ಕೆ ಹೋಗಿ ‘ನಮಗೆ ಇದೆಲ್ಲ ಯಾಕೆ’ ಎಂದು ಕೋಡ್‌ಪೇಜ್ 437, ಐಎಸ್‌ಓ 8859-1 ಎರಡನ್ನೂ ತೆಗೆದುಬಿಡುತ್ತಾರೆ. ಫ್ಯಾಟ್ ಫೈಲ್ ಸಿಸ್ಟಮ್ ಮೌಂಟ್ ಆಗಲು ಸಾಮಾನ್ಯ ಕಾನ್ಫಿಗ್‌ನಲ್ಲಿ ಕೇಳುವುದು ಅವೆರಡನ್ನೇ. ಯುಇಎಫ್‌ಐ ಯಂತ್ರಗಳ ಬೂಟ್ ಪಾರ್ಟಿಷನ್ ಫ್ಯಾಟ್ ಆಗಿರುವುದರಿಂದ ಯಂತ್ರ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತದೆ. ಐಓ ಚಾರ್‌ಸೆಟ್ ಸಿಗಲಿಲ್ಲ ಎನ್ನುವ ಸಾಲು ಡಿಎಂಇಎಸ್‌ಜಿಯಲ್ಲಿ ಇರುತ್ತದೆ. ಎರಡನ್ನೂ ‘ವೈ’ ಮಾಡಿ, ಎನ್‌ಎಲ್‌ಎಸ್ ಯುಟಿಎಫ್8 ಕೂಡ ಇರಲಿ.

ಎಮರ್ಜೆನ್ಸಿ ಮೋಡಿನ ಕಪ್ಪು ಪರದೆಯಲ್ಲಿ ಕನ್ನಡ ಹೆಸರುಗಳು ಚೌಕಗಳಾಗಿ ಕಾಣುವುದು ಸಹಜ. ಲಿನಕ್ಸ್ ಕನ್ಸೋಲಿಗೆ ಹೆಚ್ಚೆಂದರೆ 512 ಚಿತ್ರಾಕ್ಷರಗಳು, ಒತ್ತಕ್ಷರ ಜೋಡಿಸಲು ಅದಕ್ಕೆ ಬರುವುದೇ ಇಲ್ಲ. ಚೌಕ ಕಂಡು ‘ಜಂಕ್ ಫೈಲ್’ ಎಂದು ಅಳಿಸಿದರೆ ಹೋಗುವುದು ನಿಮ್ಮ ಪಿಎಚ್‌ಡಿ.

ಡಿಸ್ಕು ಜೋಡಿಸುವಾಗ

ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದು ಬರೆಯಬೇಡಿ. ಪೆನ್‌ಡ್ರೈವ್ ಸಿಕ್ಕಿಸಿದ ದಿನ ಆ ಹೆಸರುಗಳು ಅದಲು ಬದಲಾಗಬಹುದು. ಯುಯುಐಡಿ ಬರೆಯಿರಿ. ಹೊರಗಿನ ಡಿಸ್ಕಿನ ಸಾಲಿಗೆ ‘ನೋಫೇಲ್’ ಸೇರಿಸಿ. ಇಲ್ಲದಿದ್ದರೆ ಆ ಡಿಸ್ಕನ್ನು ಯಾರೋ ಮನೆಗೆ ಒಯ್ದ ದಿನ ಯಂತ್ರ ಒಂದೂವರೆ ನಿಮಿಷ ಕಾಯ್ದು ಏಳದೆ ನಿಲ್ಲುತ್ತದೆ. ಸಾಲು ಬರೆದ ಮೇಲೆ ಯಂತ್ರ ಆರಿಸುವ ಮುಂಚೆ ‘ಮೌಂಟ್’ ಕಮಾಂಡನ್ನು ‘-ಎ’ ಜೊತೆ ಓಡಿಸಿ, ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಜಾಗ ತುಂಬಿದೆ ಎಂದು ಬರುತ್ತಿದ್ದು, ಡಿಎಫ್ ನೋಡಿದರೆ ಖಾಲಿ ಕಾಣುತ್ತಿದ್ದರೆ ‘-ಐ’ ಹಾಕಿ ನೋಡಿ. ಸಣ್ಣ ಸಣ್ಣ ಕಡತಗಳು ಲಕ್ಷಗಟ್ಟಲೆ ಇದ್ದಾಗ ಮೊದಲು ಮುಗಿಯುವುದು ಐನೋಡ್.

ಮೌಂಟ್ ಆಗಿರುವ ಫೈಲ್ ಸಿಸ್ಟಮ್ ಮೇಲೆ ಎಫ್‌ಎಸ್‌ಸಿಕೆ ಓಡಿಸಲೇಬಾರದು. ಡಿಎಂಇಎಸ್‌ಜಿಯಲ್ಲಿ ಓದುವ ದೋಷಗಳು ಸಾಲುಗಟ್ಟಿದ್ದರಂತೂ ಮೌಂಟ್ ಇಲ್ಲದಿದ್ದರೂ ಓಡಿಸಬಾರದು. ಮೊದಲು ಸ್ಮಾರ್ಟ್‌ಸಿಟಿಎಲ್‌ನಲ್ಲಿ ಮೂರು ಅಂಕಿ ನೋಡಿ. 5 ಮತ್ತು 197 ಸಂಖ್ಯೆಯ ಸಾಲುಗಳು ಏರುತ್ತಿದ್ದರೆ ಡಿಸ್ಕಿನ ತಟ್ಟೆಯೇ ಸವೆಯುತ್ತಿದೆ. 199 ಮಾತ್ರ ಏರುತ್ತಿದ್ದರೆ ಬಹುಮಟ್ಟಿಗೆ ಸಾಟಾ ಕೇಬಲ್ಲಿನ ದೋಷ. ಕಡಿಮೆ ಬೆಲೆಯ ಕೇಬಲ್ ಬದಲಿಸಿ ನೋಡದೆ ಡಿಸ್ಕು ಎಸೆಯಬೇಡಿ. ಸಾಯುತ್ತಿರುವ ಡಿಸ್ಕಿನಿಂದ ಡಿಡಿ ರೆಸ್ಕ್ಯೂ ಮೂಲಕ ಬೇರೆ ಡಿಸ್ಕಿಗೆ ಪೂರ್ತಿ ನಕಲು ಎತ್ತಿ, ರಿಪೇರಿ ಏನಿದ್ದರೂ ನಕಲಿನ ಮೇಲೆ ಮಾಡಿ. ಬರೀ ಡಿಡಿ ಬಳಸುವವರು ಎಂಟರ್ ಒತ್ತುವ ಮೊದಲು ‘ಐಎಫ್’, ‘ಓಎಫ್’ ಎರಡನ್ನೂ ಪಕ್ಕದವರ ಕೈಲಿ ಗಟ್ಟಿಯಾಗಿ ಓದಿಸಿ.

ಎಂಡಿಎಡಿಎಂ ರೇಡ್ ಏಳದಿದ್ದರೆ ‘ಕ್ರಿಯೇಟ್’ ಕೊಡಬೇಡಿ. ‘ಅಸೆಂಬಲ್’ ಮಾತ್ರ. ಕ್ರಿಯೇಟ್ ಎಂದರೆ ಹಳೆಯ ರೇಡಿನ ಗುರುತಿನ ಮೇಲೆ ಹೊಸದು ಬರೆಯುವುದು.

ವಿಂಡೋಸ್ ‘ಫಾಸ್ಟ್ ಸ್ಟಾರ್ಟಪ್’ನಲ್ಲಿ ಮಲಗಿದ ಪಾರ್ಟಿಷನ್ನನ್ನು ಲಿನಕ್ಸ್ ಬರೆಯಲು ತೆರೆಯುವುದಿಲ್ಲ. 2021ರ 5.15ರಲ್ಲಿ ಬಂದ ಎನ್‌ಟಿಎಫ್‌ಎಸ್3 ಡ್ರೈವರಿಗೆ ‘ಫೋರ್ಸ್’ ಎಂಬ ಆಯ್ಕೆ ಇದೆ. ಅದು ಇದೆ ಎಂಬುದನ್ನು ಮರೆತುಬಿಡಿ. ವಿಂಡೋಸ್‌ಗೆ ಹೋಗಿ ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ.

ಕರೆಂಟು, ಬಿಸಿಲು, ಕೆಂಪು ಧೂಳು

ಎಕ್ಸ್ಟಿ4ರ ಜರ್ನಲ್ ಕರೆಂಟು ಹೋದರೂ ಫೈಲ್ ಸಿಸ್ಟಮ್ ಕಾಪಾಡುತ್ತದೆ, ಆದರೆ ನೀವು ‘ಬ್ಯಾರಿಯರ್’ ತೆಗೆದು ವೇಗ ಹೆಚ್ಚಿಸಿದ್ದರೆ ಆ ಮಾತು ನಡೆಯದು. ತೆಗೆಯಬೇಡಿ. ಯುಪಿಎಸ್ ಇಲ್ಲದಿದ್ದರೆ ಎಫ್‌ಎಸ್‌ಸಿಕೆ ಶುರುವೇ ಮಾಡಬೇಡಿ. ಕಂಪ್ಲಿ ಕಡೆ ಗದ್ದೆಗೆ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಣಿಯುತ್ತಿದ್ದರೆ ಆ ಕೆಲಸಕ್ಕೆ ಬೇರೆ ಹೊತ್ತು ಹುಡುಕಿ.

ಸಂಡೂರಿನಲ್ಲಿ, ಅದಿರು ಲಾರಿ ಓಡುವ ಎಲ್ಲ ರಸ್ತೆಗಳ ಪಕ್ಕದಲ್ಲಿ, ಸಿಪಿಯು ಡಬ್ಬಿ ನೆಲದ ಮೇಲಿಡಬೇಡಿ. ಕೆಂಪು ಧೂಳು ಹೀಟ್‌ಸಿಂಕಿನ ಸಂದಿ ಮುಚ್ಚಿದರೆ ಯಂತ್ರ ಕಾದು ತಾನಾಗಿ ಆರುತ್ತದೆ. ಹುಡುಗರು ಅದನ್ನು ಕರ್ನೆಲ್ ದೋಷವೆಂದು ವಾರಗಟ್ಟಲೆ ಹುಡುಕುತ್ತಾರೆ. ಕರ್ನೆಲ್ ಕಟ್ಟುವಾಗಲೇ ಆರುತ್ತಿದ್ದರೆ ಅನುಮಾನ ಮೊದಲು ಧೂಳಿನ ಮೇಲಿರಲಿ, ಏಕೆಂದರೆ ಸಿಪಿಯುವಿನ ಎಲ್ಲ ಕೋರುಗಳೂ ಪೂರ್ತಿ ದುಡಿಯುವ ಕೆಲಸ ಅದು. ಬ್ರಷ್, ಬ್ಲೋವರ್ ಬಳಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಕೊಟ್ಟು ತಡೆಯಿರಿ. ಹಾರ್ಡ್ ಡಿಸ್ಕಿನ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು.

ಪ್ರತಿ ಇಡುವುದು

ರೇಡ್ ಎಂದರೆ ಬ್ಯಾಕಪ್ ಅಲ್ಲ, ಅಳಿಸಿದ್ದನ್ನು ಅದು ಎರಡೂ ಡಿಸ್ಕಿನಲ್ಲಿ ಅಳಿಸುತ್ತದೆ. ಆರ್‌ಸಿಂಕ್ ಮೂಲಕ ಬೇರೆ ಡಿಸ್ಕಿಗೆ ಪ್ರತಿ ಎತ್ತಿ. ‘ಡಿಲೀಟ್’ ಆಯ್ಕೆ ಕೊಡುವುದಿದ್ದರೆ ಮೊದಲು ‘ಡ್ರೈ ರನ್’ ಕೊಟ್ಟು ಪಟ್ಟಿ ಓದಿ. ಮ್ಯಾಕ್‌ನಿಂದ ಬಂದ ಕಡತಗಳಲ್ಲಿ ‘ಹೊ’, ‘ಪೇ’ಗಳಂಥ ಗುಣಿತಗಳು ಒಡೆದು ಕೂತಿರಬಹುದು. ಕಣ್ಣಿಗೆ ಒಂದೇ ‘ಹೊಸಪೇಟೆ’, ಲಿನಕ್ಸಿಗೆ ಎರಡು. ಎರಡರಲ್ಲಿ ಒಂದನ್ನು ನಕಲೆಂದು ಅಳಿಸುವ ಮೊದಲು ಒಳಗೆ ಏನಿದೆ ನೋಡಿ.

ಒಂದು ಪ್ರತಿ ಬೇರೆ ಊರಲ್ಲಿರಲಿ. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುವುದನ್ನು ಕಂಡವರು ಹೊಳೆ ದಂಡೆಯ ಕೋಣೆಯಲ್ಲೇ ಎರಡೂ ಡಿಸ್ಕು ಇಡಬಾರದು. ತಿಂಗಳಿಗೊಮ್ಮೆ ಆ ಪ್ರತಿಯಿಂದ ನಾಲ್ಕು ಕಡತ ಆರಿಸಿ ಬೇರೆ ಯಂತ್ರದಲ್ಲಿ ತೆರೆದು ನೋಡಿ. ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಎಸ್‌ಎಸ್‌ಡಿ ಬಳಸಬೇಡಿ. ಸವೆದ ಎಸ್‌ಎಸ್‌ಡಿ ವಿದ್ಯುತ್ತಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟರೆ ಸಾಕು ಎಂಬುದು ಉದ್ಯಮದ ಮಾನದಂಡ. ಬಿಸಿ ಏರಿದಂತೆ ಆ ಅವಧಿ ಇಳಿಯುತ್ತದೆ, ನಮ್ಮಲ್ಲಿ ಏಪ್ರಿಲ್‌ನಲ್ಲಿ ತಗಡಿನ ಬೀರು 40 ದಾಟುತ್ತದೆ. ಅಲ್ಲಿಗೆ ಹಾರ್ಡ್ ಡಿಸ್ಕೇ ಇಡಿ, ಆರು ತಿಂಗಳಿಗೊಮ್ಮೆ ಸಿಕ್ಕಿಸಿ ತಿರುಗಿಸಿ, ತಿರುಗಿಸಿದ ತಾರೀಖನ್ನು ಅದರ ಮೇಲೆಯೇ ಬರೆಯಿರಿ.